ಗೋಣಿತಟ್ಟಿನ ಹಿಂದೆ ಮಾಡಿದ ಕಾರ್ ಕೀಗಳು

ಮಂಜು, ಶ್ವೇತಾ,

ನೀವಿಬ್ಬರೂ ಸಹಕಾರನಗರದಲ್ಲಿ ಕಾರ್ ಕೀ ಅಂಗಡಿ ತೆರೆದ ಮೇಲೆ ನಾನು ಅಲ್ಲಿಗೆ ಬಂದದ್ದು ಎರಡೇ ಸಲ. ಮೊನ್ನೆ ಬಂದಾಗ ಮೂಲೆಯಲ್ಲಿ ಕುರ್ಚಿ ಹಾಕಿ ಕೂರಿಸಿದಿರಿ. ರಿಮೋಟು ಮಾಡಿಸಲು ಬಂದ ಗಿರಾಕಿಯೊಬ್ಬರು ಈ ಕೆಲಸ ಎಲ್ಲಿ ಕಲಿತಿರಿ ಎಂದು ಕೇಳಿದರು. ಮಂಜು, ನೀನು ಎದೆ ಉಬ್ಬಿಸಿ, "ಇದು ನಮ್ ಚಿಕ್ಕತಾತನ ಕಾಲದಿಂದ ಬಂದಿರೋ ಕಸುಬು ಸಾರ್. ಯಶವಂತಪುರದಲ್ಲಿ ಅವ್ರು ಫೇಮಸ್ಸು" ಎಂದೆ.

ನಾಲ್ಕು ಜನರ ಮುಂದೆ ಬಾಯಿ ಬಿಡುವುದು ನನಗೆ ಈ ವಯಸ್ಸಿನಲ್ಲೂ ಆಗುವುದಿಲ್ಲ. ಆದರೆ ಮನೆಗೆ ಬಂದ ಮೇಲೆ ಕಲಸಿದ ಅನ್ನ ತಟ್ಟೆಯಲ್ಲೇ ಉಳಿಯಿತು. ಅಷ್ಟು ಸಿಟ್ಟು ಬಂದಿತ್ತು. ಸಿಟ್ಟು ನಿನ್ನ ಮೇಲಲ್ಲ. ನಿನಗೆ ಹೇಳಿಕೊಟ್ಟವರು ಹಾಗೆ ಹೇಳಿದ್ದಾರೆ, ನೀನು ನಂಬಿದ್ದೀಯೆ. ನಿಮ್ಮ ಚಿಕ್ಕತಾತ ಚಿಕ್ಕಣ್ಣ ಸತ್ತು ಬಹಳ ವರ್ಷವಾಯಿತು. ಸತ್ತವರ ಮೇಲೆ ಮಾತಾಡಬಾರದು ಎನ್ನುತ್ತಾರೆ. ಬದುಕಿದ್ದಾಗಲೂ ಮಾತಾಡಲು ಬಿಡಲಿಲ್ಲವಲ್ಲ, ಮತ್ತೆ ಯಾವಾಗ ಮಾತಾಡಬೇಕು? ತಣಿಸಂದ್ರದ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಓದಿದವಳು ನಾನು. ತಪ್ಪು ಒಪ್ಪು ನೀವೇ ತಿದ್ದಿಕೊಂಡು ಓದಿ.

ಕಸುಬು ನಿಮ್ಮ ತಾತನದು, ನನ್ನ ಯಜಮಾನರದು. ಯಶವಂತಪುರದ ಸಂತೆ ಬೀದಿ ತುಮಕೂರು ರಸ್ತೆಗೆ ಸೇರುವ ಕಡೆ, ತಗಡಿನ ಮಾಡು ಹಾಕಿದ ಒಂದು ಮಳಿಗೆ. ಮುಂದೆ ಕೂರಲು ಹಲಗೆ, ಹಲಗೆಯ ಪಕ್ಕ ಕೀ ಬಿಗಿಹಿಡಿಯುವ ಕಬ್ಬಿಣದ ವೈಸು, ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಹಲ್ಲಿಲ್ಲದ ಕೀಗಳು. ಮೊದಮೊದಲು ಟ್ರಂಕು, ಬೀರು, ಬಾಗಿಲ ಬೀಗದ ಕೆಲಸವೇ ಹೆಚ್ಚು. ಐವತ್ತರ ದಶಕ ಮುಗಿಯುವ ಹೊತ್ತಿಗೆ ಆ ಕಡೆ ಕಾರುಗಳು, ಲಾರಿಗಳು ಹೆಚ್ಚಿದವು. ಕಾರಿದ್ದವರು ದೊಡ್ಡ ಮನುಷ್ಯರು. ದೊಡ್ಡ ಮನುಷ್ಯರಾದರೇನು, ಕೀ ಕಳೆದುಕೊಳ್ಳುವುದರಲ್ಲಿ ಚಿಕ್ಕ ಮಕ್ಕಳಿಗಿಂತ ಕಡೆ.

ನಾನು ಮಧ್ಯಾಹ್ನ ಮುದ್ದೆ ಕಟ್ಟಿಕೊಂಡು ಹೋಗುತ್ತಿದ್ದೆ. ಅವರು ಉಣ್ಣುವಷ್ಟು ಹೊತ್ತು ನನ್ನ ಕೈಗೆ ಅರ ಕೊಟ್ಟು, "ಸುಮ್ನೆ ಕೂರ್ಬೇಡ, ಇದನ್ನ ಉಜ್ಜು" ಎನ್ನುತ್ತಿದ್ದರು. ಅರ ಹಿಡಿಯುವುದು ಬಂದ ಮೇಲೆ ಮಸಿ ಹಿಡಿಸುವುದನ್ನು ಕಲಿಸಿದರು.

ಮಸಿ ಹಿಡಿಸುವುದೆಂದರೆ ಏನೆಂದು ನೀವು ತಿಳಿದಿರಬೇಕು. ಕೀ ಪೂರ್ತಿ ಕಳೆದುಹೋಗಿ, ನಕಲು ಮಾಡಲು ಏನೂ ಇಲ್ಲದಿದ್ದರೆ ಆಗ ಇದೊಂದೇ ದಾರಿ. ಹಲ್ಲಿಲ್ಲದ ಕೀಯನ್ನು ಸೀಮೆಎಣ್ಣೆ ಬುಡ್ಡಿಯ ಹೊಗೆಗೆ ಹಿಡಿದು ಕಪ್ಪಗೆ ಮಾಡಬೇಕು. ಅದನ್ನು ಕಾರಿನ ಬೀಗಕ್ಕೆ ತೂರಿಸಿ, ತಿರುಗಿಸಿಯೂ ತಿರುಗಿಸದ ಹಾಗೆ ಒಂದು ಸಲ ಬಿಗಿಹಿಡಿದು ಹೊರಗೆ ತೆಗೆಯಬೇಕು. ಒಳಗೆ ಎಲ್ಲಿ ತಡೆಯುತ್ತದೋ ಅಲ್ಲಿ ಮಸಿ ಅಳಿಸಿ ಸಾಸಿವೆಯಷ್ಟು ಹೊಳಪು ಕಾಣುತ್ತದೆ. ಅಲ್ಲಿ ಮಾತ್ರ ಅರ ಆಡಿಸಬೇಕು, ಒಂದು ಉಸಿರಿನಷ್ಟು. ಮತ್ತೆ ಮಸಿ, ಮತ್ತೆ ಬೀಗ, ಮತ್ತೆ ಅರ. ಹೊಳಪು ಕಾಣುವುದು ನಿಂತಾಗ ಬೀಗ ತಾನಾಗಿ ತಿರುಗುತ್ತದೆ. ಅವಸರ ಮಾಡಿ ಒಂದು ಉಜ್ಜು ಹೆಚ್ಚು ಉಜ್ಜಿದರೆ ಆ ಕೀ ತಿಪ್ಪೆಗೆ.

ಸವೆದ ಕೀಯ ವಿಷಯವೂ ಹೀಗೆಯೇ. ಯಲಹಂಕದಿಂದ ಒಬ್ಬ ಮೇಷ್ಟ್ರು ಹಳೇ ಕಾರಿನ ಕೀ ತಂದಿದ್ದರು, ಹಲ್ಲೆಲ್ಲ ಮುದುಕರ ಹಲ್ಲಿನ ಹಾಗೆ ಸವೆದುಹೋಗಿತ್ತು. ಇದ್ದ ಹಾಗೆ ನಕಲು ಮಾಡಲು ನಾನು ಅರ ಎತ್ತಿಕೊಂಡೆ. ಯಜಮಾನರು ತಡೆದು, "ಅದು ಈಗ ಹೆಂಗೈತೆ ಅಂತ ನೋಡ್ಬೇಡ ಕಣೆ. ಹೊಸದಾಗಿದ್ದಾಗ ಹೆಂಗಿತ್ತು ಅಂತ ನೋಡು" ಎಂದರು. ಸವೆದ ಹಲ್ಲಿನ ಓರೆ ನೋಡಿ, ತಿಂದುಹೋದದ್ದೆಷ್ಟು ಎಂದು ಊಹಿಸಿ, ಅಷ್ಟನ್ನು ಬಿಟ್ಟು ಉಜ್ಜಬೇಕು. ಶ್ವೇತಾ, ನಿಮ್ಮ ಮಿಷನ್ನು ಸವೆತವನ್ನೂ ಸೇರಿಸಿ ನಕಲು ಮಾಡುತ್ತದೆ, ನಾನು ಮೊನ್ನೆ ನೋಡಿದೆ. ಮಿಷನ್ನಿಗೆ ತಲೆ ಇಲ್ಲ, ನಿಮಗಿದೆ.

ಇನ್ನೊಂದು ಮಾತನ್ನು ಅವರು ದೇವರ ಆಣೆ ಹಾಕಿ ಹೇಳಿದ್ದರು. ಕಾರು ಎದುರಿಗೆ ಬಾರದೆ ಕೀ ಮಾಡಕೂಡದು. ಸೋಪಿನ ಮೇಲೋ ಮೇಣದ ಮೇಲೋ ಅಚ್ಚು ಒತ್ತಿ ತಂದರೆ ಮುಟ್ಟಲೇಕೂಡದು. ಅಚ್ಚು ತರುವವನಿಗೆ ಕೀ ಇಟ್ಟುಕೊಳ್ಳುವ ಹಕ್ಕಿಲ್ಲ, ಹಕ್ಕಿದ್ದವನು ಕೀಯನ್ನೇ ತರುತ್ತಾನೆ.

ನಿಮ್ಮ ತಾತ ಕಾಮಾಲೆಯಲ್ಲಿ ಹೋದರು. ನಿಮ್ಮಪ್ಪ ಆಗ ಇನ್ನೂ ಅಂಬೆಗಾಲು. ತಿಥಿ ಮುಗಿದ ಮೇಲೆ ನಾನು ಮಳಿಗೆಯ ಬಾಗಿಲು ತೆಗೆಯಲು ಹೋದರೆ, ಅವರ ತಮ್ಮ ಚಿಕ್ಕಣ್ಣ ಆಗಲೇ ಹಲಗೆಯ ಮೇಲೆ ಕೂತಿದ್ದ. ಅಲ್ಲಿಯವರೆಗೆ ಅವನು ಜಟಕಾ ಓಡಿಸಿಕೊಂಡಿದ್ದವನು. ಅರದ ಹಿಡಿ ಯಾವುದು ತುದಿ ಯಾವುದು ಎಂದು ತಿಳಿಯದವನು.

"ಅತ್ಗೆ, ನೀನು ಮನೆಗೋಗು," ಎಂದ.

"ನಿಂಗೆ ಕೆಲ್ಸ ಬರಲ್ವಲ್ಲ ಚಿಕ್ಕಣ್ಣ."

"ಬರಲ್ಲ. ಅದ್ಕೇನೀಗ? ನಿಂಗ್ ಬಂದ್ರೆ ಜನ ಬರ್ತಾರಾ? ಕಾರ್ ಪೂಜೆ ಮಾಡಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಓಡ್ಸೋ ಜನ ಅವ್ರು. ಮುಂಡೆ ಕೊಟ್ಟ ಕೀ ಇಸ್ಕೊಂಡು ಕಾರ್ ಹತ್ತಾರಾ? ನೀನೇ ಹೇಳು."

ಅದಕ್ಕೆ ಈಗ ನನಗೆ ನೂರು ಉತ್ತರ ತೋಚುತ್ತದೆ. ಅವನು ಹೇಳಿದ್ದು ಸುಳ್ಳಾಗಿರಲಿಲ್ಲ, ಅದೇ ನನ್ನ ಸಿಟ್ಟು. ಎದುರಿಗೆ ನಾನು ಬಂದರೆ ಹೊರಟ ಕೆಲಸ ಬಿಟ್ಟು ಮನೆಗೆ ಹೋಗಿ ನೀರು ಕುಡಿದು ಮತ್ತೆ ಹೊರಡುತ್ತಿದ್ದ ಜನ ನಮ್ಮ ಬೀದಿಯಲ್ಲೇ ಇದ್ದರು.

ಕೆಲಸ ನನಗಷ್ಟೇ ಬರುತ್ತಿತ್ತು, ಆದರೆ ನಾನು ಕಾಣಬಾರದೆಂದು ಅಂದೇ ಅವನು ಮಳಿಗೆಯ ನಡುವೆ ಒಂದು ಗೋಣಿತಟ್ಟು ಕಟ್ಟಿದ. ನಾನು ಅದರ ಹಿಂದೆ, ವೈಸು ಮತ್ತು ಸೀಮೆಎಣ್ಣೆ ಬುಡ್ಡಿಯ ಜೊತೆ. ಅವನು ಅದರ ಮುಂದೆ, ಹಲಗೆಯ ಮೇಲೆ. ಗಿರಾಕಿ ಬಂದರೆ ಕೀ ಇಸಿದುಕೊಂಡು, "ಒಂದ್ ಗಂಟೆ ಬಿಟ್ಟು ಬನ್ನಿ ಸ್ವಾಮಿ, ಸೂಕ್ಷ್ಮದ ಕೆಲ್ಸ" ಎಂದು ಕಳಿಸಿ, ತಟ್ಟಿನ ಕೆಳಗಿನಿಂದ ನನ್ನ ಕಡೆ ತಳ್ಳುತ್ತಿದ್ದ. ನಾನು ಮಾಡಿ ಕೆಳಗಿನಿಂದಲೇ ವಾಪಸು ತಳ್ಳಬೇಕು. ಅವನು ಅದಕ್ಕೆ ಕುಂಕುಮ ಹಚ್ಚಿ, ವೀಳ್ಯದೆಲೆಯ ಮೇಲಿಟ್ಟು ಕೊಡುತ್ತಿದ್ದ. ಕುಂಕುಮ ಹಚ್ಚುವ ಪದ್ಧತಿ ಯಜಮಾನರ ಕಾಲದಲ್ಲಿ ಇರಲಿಲ್ಲ, ಇವನು ತಂದದ್ದು. ಜನಕ್ಕೆ ಬಹಳ ಹಿಡಿಸಿತು. "ಕೀಲಿ ಕೈಗುಣ ಅಂದ್ರೆ ಚಿಕ್ಕಣ್ಣಂದು" ಎಂದು ಹೆಬ್ಬಾಳದವರೆಗೂ ಹೆಸರಾಯಿತು. ತಟ್ಟಿನ ಹಿಂದೆ ಮಸಿಗೆ ನನ್ನ ಮೂಗು ಕಪ್ಪಾಗಿರುತ್ತಿತ್ತು, ಸೀನಿದರೆ ಸೆರಗೂ ಕಪ್ಪು.

ಹೆಬ್ಬಾಳದಲ್ಲಿ ನಡೆದ ಒಂದು ಸಂಗತಿ ಹೇಳುತ್ತೇನೆ. ಅಲ್ಲಿ ಒಬ್ಬ ಡಾಕ್ಟರಮ್ಮ ಕಾರು ಇಟ್ಟುಕೊಂಡಿದ್ದರು. ಕೆರೆ ಏರಿಯ ಮೇಲೆ ಕಾರು ನಿಲ್ಲಿಸಿ ಮಗುವಿಗೆ ನೀರುಹಕ್ಕಿ ತೋರಿಸುವಾಗ, ಮಗು ಕೀಯನ್ನು ಕೆರೆಗೆ ಎಸೆದುಬಿಟ್ಟಿತು. ಅವರ ಆಳು ನಮ್ಮ ಮಳಿಗೆಗೆ ಓಡಿ ಬಂದ. ಕಾರು ಅಲ್ಲೇ ನಿಂತಿದೆ, ನಾವೇ ಹೋಗಬೇಕು. ಚಿಕ್ಕಣ್ಣ ಹೆದರಿದ. ಆಮೇಲೆ, "ಅತ್ಗೆ, ಬುಡ್ಡಿ ಇಡ್ಕೊಂಡು ಬಾ. ಕೇಳಿದ್ರೆ ಸಾಮಾನು ಹೊರೋಳು ಅಂತೀನಿ" ಎಂದ.

ಏರಿಯ ಮೇಲೆ ಜನ ಸೇರಿದ್ದರು. ನಾನು ಸೆರಗು ಹೊದ್ದು ಕಾರಿನೊಳಗೆ ಬಗ್ಗಿ ಮಸಿ ಹಿಡಿಸುವುದು, ಉಜ್ಜುವುದು. ಚಿಕ್ಕಣ್ಣ ಕಿಟಕಿಯ ಹತ್ತಿರ ತೋರಿಕೆಗೆ ಇನ್ನೊಂದು ಅರ ಹಿಡಿದು ನಿಂತು, "ಹಾಂ, ಅಲ್ಲೇ ಇಡ್ಕೋ. ಬುಡ್ಡಿ ಎತ್ತು. ಏ, ಸರಿಯಾಗ್ ಇಡ್ಕೊಳಮ್ಮ!" ಎಂದು ಗದರಿಸುವುದು. ಬೀಗ ತಿರುಗಿದಾಗ ಕೀ ಕಿತ್ತುಕೊಂಡು ಅದರ ಮೇಲೆ ಉಫ್ ಎಂದು ಊದಿ, ಕುಂಕುಮ ಹಚ್ಚಿ ಡಾಕ್ಟರಮ್ಮನ ಕೈಗಿಟ್ಟ. ಜನ ಚಪ್ಪಾಳೆ ತಟ್ಟಿದರು. ಡಾಕ್ಟರಮ್ಮ ನನ್ನನ್ನೊಮ್ಮೆ, ನನ್ನ ಮಸಿ ಹಿಡಿದ ಬೆರಳನ್ನೊಮ್ಮೆ ನೋಡಿದರು. ಏನೋ ಕೇಳಲು ಹೊರಟವರು ಕೇಳಲಿಲ್ಲ. ಅವರ ಮೇಲೂ ನನಗೆ ಸಿಟ್ಟಿದೆ. ಗೊತ್ತಾಗಿಯೂ ಕೇಳದೆ ಹೋದವರು ಅವರು.

ಹೀಗೆ ವರ್ಷಗಳು ಕಳೆದವು. ಕೈಯಲ್ಲಿ ತಿರುಗಿಸುವ ಕೀ ಮಿಷನ್ನು ಬಂತು. ಚಿಕ್ಕಣ್ಣ ಅದನ್ನೂ ಕೊಂಡು ತಟ್ಟಿನ ಮುಂದೆ ಇಟ್ಟ, ತೋರಿಸಲು. ಅದರಲ್ಲಿ ಕೊರೆದದ್ದನ್ನು ನಾನು ಒಳಗೆ ಮತ್ತೆ ಉಜ್ಜಿ ಸರಿಮಾಡುತ್ತಿದ್ದೆ.

ಇನ್ನು ಸೋಪಿನ ಕತೆ. ನಿಮಗೆ ಇದು ಗೊತ್ತಿರಬೇಕೆಂದೇ ಇಷ್ಟು ದೂರ ಬರೆದದ್ದು.

ಗಂಗೇನಹಳ್ಳಿಯ ಕಡೆ ಹೊಸ ಬಂಗಲೆ ಕಟ್ಟಿಕೊಂಡಿದ್ದ ಒಬ್ಬ ಕಂಟ್ರಾಕ್ಟರು ಇದ್ದರು, ಶ್ರೀನಿವಾಸಯ್ಯ ಎಂದು. ಅವರಿಗೊಂದು ಕಪ್ಪು ಕಾರು. ಅವರ ಡ್ರೈವರು ಗೋವಿಂದ ಒಂದು ಮಧ್ಯಾಹ್ನ ಕಾಲುನಡಿಗೆಯಲ್ಲಿ ಬಂದ. ತಟ್ಟಿನ ಹಿಂದಿನಿಂದ ನನಗೆ ಮಾತು ಕೇಳಿಸುತ್ತಿತ್ತು.

"ಚಿಕ್ಕಣ್ಣಾ, ಸಾಹೇಬ್ರು ಇನ್ನೊಂದ್ ಕೀ ಮಾಡಿಸ್ಕೊಂಡ್ ಬಾ ಅಂದವ್ರೆ. ಕೀ ಅವ್ರತ್ರಾನೇ ಐತೆ. ಅದ್ಕೆ ಅಚ್ಚು ತಂದಿವ್ನಿ."

ತಟ್ಟಿನ ಕೆಳಗೆ ಒಂದು ಕೆಂಪು ಸೋಪಿನ ತುಂಡು ಬಂತು. ಅದರ ಮೇಲೆ ಕೀಯ ಅಚ್ಚು.

ನಾನು ಅದನ್ನು ಹಾಗೆಯೇ ಹೊರಗೆ ತಳ್ಳಿದೆ. ಚಿಕ್ಕಣ್ಣ ಮತ್ತೆ ಒಳಗೆ ತಳ್ಳಿದ. ನಾನು ಮತ್ತೆ ಹೊರಗೆ.

"ಯಾಕತ್ಗೆ?" ಎಂದು ಪಿಸುಗುಟ್ಟಿದ.

ಗಿರಾಕಿ ಇದ್ದಾಗ ನಾನು ದನಿ ತೆಗೆಯಬಾರದೆಂಬುದು ಅವನ ಕಟ್ಟಳೆ. ಅಂದು ತೆಗೆದೆ. "ಆಗಲ್ಲ. ಕಾರು ಬರ್ಲಿ."

ಗೋವಿಂದ ನಕ್ಕ. "ಯಾರಣ್ಣ ಒಳ್ಗೆ? ಮನೆದೇವ್ರಾ?"

"ನಮ್ಮತ್ಗೆ. ಕಸ ಗುಡ್ಸೋಕ್ ಬತ್ತಾಳೆ," ಎಂದ ಚಿಕ್ಕಣ್ಣ. ಆಮೇಲೆ ಗೋವಿಂದನ ಮುಂದೆ ಸೋಲಬಾರದೆಂದು, ತಾನೇ ಮೊಳೆಯಿಂದ ಒಂದು ಕೀ ತೆಗೆದು, ಅಷ್ಟು ವರ್ಷದಲ್ಲಿ ಮೊದಲ ಸಲ ನಿಜವಾಗಿ ಅರ ಆಡಿಸಿ ಉಜ್ಜತೊಡಗಿದ. ಆ ಸದ್ದಿನಲ್ಲೇ ನನಗೆ ಗೊತ್ತಾಯಿತು, ತೆಂಗಿನಕಾಯಿ ತುರಿದ ಹಾಗೆ ಉಜ್ಜುತ್ತಿದ್ದ. ನಾನು ಎದ್ದು ಹಿಂದಿನ ಬಾಗಿಲಿನಿಂದ ಮನೆಗೆ ಹೋದೆ.

ನಮ್ಮಿಬ್ಬರಿಗೂ ಆಗ ತಿಳಿಯದ ಸಂಗತಿಯೆಂದರೆ, ಶ್ರೀನಿವಾಸಯ್ಯನವರು ಗೋವಿಂದನನ್ನು ಆಗಲೇ ಕೆಲಸದಿಂದ ತೆಗೆದಿದ್ದರು. ಎರಡು ದಿನ ಬಿಟ್ಟು ಅವನು ಬಂಗಲೆಯ ಮುಂದಿದ್ದ ಕಾರು ಹತ್ತಿ ಹೊರಟ. ಚಿಕ್ಕಣ್ಣನ ಕೀ ಮೊದಲ ಸಲ ಹೇಗೋ ತಿರುಗಿತು. ಯಲಹಂಕ ದಾಟಿದ ಮೇಲೆ ಗೋವಿಂದ ಟೀ ಕುಡಿಯಲು ನಿಲ್ಲಿಸಿದ್ದಾನೆ. ಮತ್ತೆ ಸ್ಟಾರ್ಟ್ ಮಾಡಲು ಹೋದರೆ ತಿರುಗಲಿಲ್ಲ. ಬಲವಾಗಿ ತಿರುಚಿದ. ಅರ್ಧ ಕೀ ಕೈಯಲ್ಲಿ, ಅರ್ಧ ಬೀಗದಲ್ಲಿ. ಅಲ್ಲಿಯೇ ಪೊಲೀಸರ ಕೈಗೆ ಸಿಕ್ಕಿಬಿದ್ದ. ಕಾರನ್ನು ಲಾರಿಗೆ ಕಟ್ಟಿ ಎಳೆದು ಯಶವಂತಪುರದ ಸ್ಟೇಷನ್ನಿಗೆ ತಂದರು.

ಮಾರನೆಯ ಬೆಳಿಗ್ಗೆ ಪೊಲೀಸ್ ದಫೇದಾರರು ಮಳಿಗೆಗೆ ಬಂದರು. "ಕಳ್ಳ ಕೀ ಮಾಡ್ಕೊಟ್ಟಿದ್ ಯಾರು?"

ನಾನು ತಟ್ಟಿನ ಹಿಂದೆ ಅರ ಕೆಳಗಿಟ್ಟೆ. ಹೊರಗೆ ಸಂತೆಯ ಜನ ಸೇರುವುದು ಕೇಳಿಸುತ್ತಿತ್ತು. ಚಿಕ್ಕಣ್ಣ ಎದ್ದ. ಇಷ್ಟು ವರ್ಷ ಕಟ್ಟಿದ್ದ ಗೋಣಿತಟ್ಟನ್ನು ತಾನೇ ಸರ್ರೆಂದು ಎಳೆದು ಪಕ್ಕಕ್ಕೆ ಸರಿಸಿದ.

"ಇವ್ಳು ಸ್ವಾಮಿ! ಕೀ ಮಾಡೋದೆಲ್ಲ ಇವ್ಳೇ. ಮೊದ್ಲಿಂದಾನೂ ಇವ್ಳೇ. ನಂಗೆ ಅರ ಇಡಿಯೋಕೂ ಬರಲ್ಲ, ನಮ್ಮಪ್ಪನಾಣೆ!"

ಮಕ್ಕಳೇ, ಆ ಮಾತು ಕೇಳಲು ನಾನು ಎಷ್ಟು ವರ್ಷ ಕಾದಿದ್ದೆ! ಆಡಿದವನು ನನ್ನನ್ನು ಜೈಲಿಗೆ ಕಳಿಸಲು ಆಡಿದ. ನನ್ನ ಬೆರಳಿನ ಮಸಿ ಎಲ್ಲರಿಗೂ ಕಾಣುತ್ತಿತ್ತು. ಜನ ಅದನ್ನು ಕಳ್ಳತನದ ಗುರುತೆಂದು ನೋಡುತ್ತಿದ್ದರು.

ಇಬ್ಬರನ್ನೂ ಸ್ಟೇಷನ್ನಿಗೆ ನಡೆಸಿಕೊಂಡು ಹೋದರು. ಬೀದಿಯುದ್ದಕ್ಕೂ ನಾನು ತಲೆ ಎತ್ತಲಿಲ್ಲ. ಅಂಗಳದಲ್ಲಿ ಆ ಕಪ್ಪು ಕಾರು ನಿಂತಿತ್ತು. ಶ್ರೀನಿವಾಸಯ್ಯನವರು ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಗೋವಿಂದನನ್ನು ಹೊರಗೆ ಕರೆತಂದರು.

"ಈಯಮ್ಮನೇನೋ ಕೀ ಮಾಡ್ಕೊಟ್ಟಿದ್ದು?" ಎಂದು ದಫೇದಾರರು ಕೇಳಿದರು.

ಗೋವಿಂದ ನನ್ನನ್ನು ನೋಡಿದ, ಚಿಕ್ಕಣ್ಣನನ್ನು ನೋಡಿದ. ಅವನ ಕಣ್ಣು ಕೆಂಪಾಯಿತು. "ಈಯಮ್ಮ ಯಾರೋ ನಂಗೊತ್ತಿಲ್ಲ. ಮಾಡಿದ್ದು ಇವ್ನು! ನನ್ ಮುಂದೇನೇ ಕೂತು ಉಜ್ದ. ಒಳಗಿಂದ ಒಂದ್ ಹೆಂಗಸು 'ಆಗಲ್ಲ, ಕಾರು ಬರ್ಲಿ' ಅಂತು. ಇವ್ನು ಕೇಳ್ಳಿಲ್ಲ. ಥೂ, ನಿನ್ ಕೈಗುಣಕ್ಕೆ ಬೆಂಕಿ ಬೀಳ! ನೀನ್ ಮಾಡಿದ್ ದರಿದ್ರ ಕೀ ಮುರ್ದೇ ಅಲ್ವೇನಲಾ ನಾನ್ ಸಿಕ್ಕಾಕ್ಕೊಂಡಿದ್ದು?"

ದಫೇದಾರರಿಗೆ ನಗು ತಡೆಯಲಾಗಲಿಲ್ಲ. "ಅಲ್ಲಯ್ಯ ಚಿಕ್ಕಣ್ಣ, ಅರ ಹಿಡಿಯೋಕೇ ಬರಲ್ಲ ಅಂದ್ಯಲ್ಲ, ಇದೊಂದು ಮಾತ್ರ ನಿಜ ಬಿಡು" ಎಂದರು. ಚಿಕ್ಕಣ್ಣನನ್ನು ಒಳಗೆ ಕೂರಿಸಿದರು. ನನಗೆ, "ನೀವ್ ಹೋಗ್ಬೋದಮ್ಮ" ಎಂದರು.

ನಾನು ಹೋಗಿಬಿಡುತ್ತಿದ್ದೆ. ಆದರೆ ಶ್ರೀನಿವಾಸಯ್ಯನವರ ಕಾರು ಅಲ್ಲೇ ನಿಂತಿತ್ತಲ್ಲ. ಬೀಗದಲ್ಲಿ ಮುರಿದ ತುಂಡು. ಅವರ ಹಳೆಯ ಕೀ ಒಳಗೆ ಹೋಗುವ ಹಾಗಿಲ್ಲ. ದಫೇದಾರರೇ, "ಹಂಗಾದ್ರೆ ನಿಜವಾಗ್ಲೂ ಕೆಲ್ಸ ಮಾಡೋರು ಇವ್ರೇ ಅಂತ ಆಯ್ತಲ್ಲ ಸಾರ್" ಎಂದರು. ಶ್ರೀನಿವಾಸಯ್ಯನವರು ನನ್ನ ಬರಿ ಹಣೆ ನೋಡಿ ಮುಖ ತಿರುಗಿಸಿದರು. ಆದರೆ ಬೇರೆ ದಾರಿ ಇರಲಿಲ್ಲ.

ನಾನು ಮಳಿಗೆಯಿಂದ ಸಾಮಾನು ತಂದೆ. ಸೈಕಲ್ ಕಡ್ಡಿಯನ್ನು ಬಡಿದು ಮಾಡಿದ ಕೊಕ್ಕೆಯಿಂದ ಮುರಿದ ತುಂಡನ್ನು ಈಚೆಗೆ ಎಳೆದೆ. ಗೋವಿಂದ ತಿರುಚಿದ ರಭಸಕ್ಕೆ ಬೀಗದ ಒಳಗೂ ಏಟು ಬಿದ್ದಿತ್ತು. ಅವರ ಹಳೇ ಕೀಗೆ ಅದು ತಿರುಗಲೇ ಇಲ್ಲ. ಹೊಸದೇ ಮಾಡಬೇಕು. ಬುಡ್ಡಿ ಹಚ್ಚಿ ಮಸಿ ಹಿಡಿಸಿದೆ. ಪೊಲೀಸರು, ಸಂತೆಗೆ ಬಂದವರು, ಎಲ್ಲ ಸುತ್ತ ನಿಂತು ನೋಡುತ್ತಿದ್ದರು. ಒಂದು ಉಜ್ಜು ಹೆಚ್ಚಾಗಿ ಮೊದಲನೆಯ ಕೀ ಕೆಡಿಸಿದೆ. ಎರಡನೆಯದು ಬಂತು. ತಿರುಗಿಸಿ ಸ್ಟಾರ್ಟರ್ ಗುಂಡಿ ಒತ್ತಿದೆ, ಇಂಜಿನ್ನು ಗುರ್ರೆಂದಿತು. ಮತ್ತೆ ಆರಿಸಿ, ಕೀ ತೆಗೆದು, ಸೆರಗಿನಲ್ಲಿ ಮಸಿ ಒರೆಸಿ, ಶ್ರೀನಿವಾಸಯ್ಯನವರ ಕಡೆ ಚಾಚಿದೆ.

ಅವರು ಕೈ ಚಾಚಲಿಲ್ಲ. "ಅಲ್ಲಿ ಬಾನೆಟ್ಟಿನ ಮೇಲಿಡಮ್ಮ, ತಗೋತೀನಿ," ಎಂದರು. ಒರಟಾಗಿ ಅಲ್ಲ. ನಯವಾಗಿಯೇ ಅಂದರು.

ನಯವಾಗಿ ಅಂದದ್ದೇ ಸಹಿಸಲಾಗಲಿಲ್ಲ. ಕಳ್ಳಿ ಎಂದು ನಡೆಸಿಕೊಂಡು ಬಂದಾಗ ಬಾಯಿ ಬಿಡದವಳು ಆಗ ಬಿಟ್ಟೆ. "ಇಡಲ್ಲ," ಎಂದೆ.

"ಏನಮ್ಮ?"

"ಇಷ್ಟ್ ವರ್ಷ ನಿಮ್ಮಂಥೋರು ಹತ್ತಿದ ಕಾರಿಗೆಲ್ಲ ನಾನೇ ಕೀ ಮಾಡಿದ್ದು. ನಿಮ್ ಹಳೇದೂ ಸವೆದಾಗ ಒಂದ್ ಸಲ ನಾನೇ ಮಾಡಿದ್ದು. ಯಾವ ಕಾರೂ ಹಳ್ಳಕ್ಕೆ ಬಿದ್ದಿಲ್ಲ. ತಗೊಳೋದಾದ್ರೆ ನನ್ ಕೈಯಿಂದ ತಗೊಳ್ಳಿ. ಇಲ್ಲಾಂದ್ರೆ ಇದನ್ನ ಇಲ್ಲೇ ಬಗ್ಗಿಸಿ ಬಿಸಾಕ್ತೀನಿ, ಎತ್ತು ಕಟ್ಟಿ ಎಳ್ಕೊಂಡ್ಹೋಗಿ."

ಹಿಂದಿನಿಂದ ಗೋವಿಂದ, ಬೇಡಿ ಹಾಕಿಕೊಂಡು ನಿಂತಿದ್ದವನು, "ಇಸ್ಕೊಳ್ಳಿ ಸಾಹೇಬ್ರೇ, ಅದು ಮುರಿಯಲ್ಲ" ಎಂದ. ಒಬ್ಬರೋ ಇಬ್ಬರೋ ನಕ್ಕರು. ನಾನು ಚಾಚಿದ ಕೈ ಇಳಿಸಲಿಲ್ಲ. ತೋಳು ನೋಯತೊಡಗಿತು.

ಶ್ರೀನಿವಾಸಯ್ಯನವರು ಒಮ್ಮೆ ಜನರ ಕಡೆ, ಒಮ್ಮೆ ಕಾರಿನ ಕಡೆ ನೋಡಿದರು. ಆಮೇಲೆ ಬಂದು, ನನ್ನ ಮುಖ ನೋಡದೆ, ಬೆರಳ ತುದಿಯಲ್ಲಿ ಕೀ ಇಸಿದುಕೊಂಡರು. ಮನಸ್ಸಿನಿಂದ ಇಸಿದುಕೊಂಡರೆಂದು ನಾನು ಹೇಳುವುದಿಲ್ಲ. ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡರೋ ಏನೋ. ಆದರೆ ಸಂತೆ ದಿನ, ಹಗಲು ಹೊತ್ತಿನಲ್ಲಿ, ಅಷ್ಟು ಜನರ ಎದುರು ಇಸಿದುಕೊಂಡರು. ಕುಂಕುಮ ಇಲ್ಲ, ಎಲೆ ಇಲ್ಲ. ಕಾರು ಹತ್ತಿ ಹೋದರು.

ಚಿಕ್ಕಣ್ಣನನ್ನು ಎಚ್ಚರಿಕೆ ಹೇಳಿ ಬಿಟ್ಟರು. ಅವನು ಬರುವ ಹೊತ್ತಿಗೆ ನಾನು ಹಲಗೆಯ ಮೇಲೆ ಕೂತಿದ್ದೆ. ಗೋಣಿತಟ್ಟನ್ನು ಬಿಚ್ಚಿ ಕಾಲೊರಸಾಗಿ ಹಾಕಿದ್ದೆ. ಅವನು ಬಾಗಿಲಲ್ಲಿ ನಿಂತ.

"ಅತ್ಗೆ, ಏಳು."

"ಅರ ಹಿಡಿಯೋಕೂ ಬರಲ್ಲ ಅಂತ ಅಪ್ಪನಾಣೆ ಹಾಕಿದ್ದೀಯ. ಸಂತೆಯೆಲ್ಲ ಕೇಳಿಸ್ಕೊಂಡೈತೆ. ಹೋಗಿ ಜಟಕಾ ಕಟ್ಟು."

ಅವನು ಹೋದ. ಆ ವಾರ ಒಬ್ಬನೇ ಒಬ್ಬ ಕಾರಿನವನೂ ಬರಲಿಲ್ಲ, ಬೀರು ಬೀಗ ತಂದವರು ಮಾತ್ರ ಬಂದರು. ಆಮೇಲೆ ಬಂದರು. ಬರದೆ ಎಲ್ಲಿಗೆ ಹೋಗುತ್ತಾರೆ? ಕೆಲವರು ಕೊನೆಯವರೆಗೂ ಕೀಯನ್ನು ಹಲಗೆಯ ಮೇಲೆ ಇಡಿಸಿಯೇ ತೆಗೆದುಕೊಳ್ಳಲು ನೋಡುತ್ತಿದ್ದರು. ನಾನು ಇಡುತ್ತಿರಲಿಲ್ಲ, ಚಾಚಿಕೊಂಡು ಕೂತಿರುತ್ತಿದ್ದೆ. ಕಣ್ಣು ಮಂಜಾಗಿ ಹೊಳಪು ಕಾಣದಾಗುವವರೆಗೂ ಹಾಗೆಯೇ ಕೂತೆ. ನಿಮ್ಮಪ್ಪನನ್ನು ಓದಿಸಿದ್ದು ಆ ಹಲಗೆ.

ನನ್ನ ಅಕ್ಷರ ದುಂಡಗಿಲ್ಲ, ಕೆಲವು ಕಡೆ ಶಾಯಿ ಒತ್ತಿ ಹಾಳೆ ಹರಿದಿದೆ. ಸಿಟ್ಟು ಬಂದ ಕಡೆಯೆಲ್ಲ ಹರಿದಿದೆ, ಅಂಟಿಸಬೇಡಿ. ಚಿಕ್ಕತಾತನ ಮನೆಯವರು ಕೇಳಿದರೆ ನಿಮ್ಮ ಎದುರಿಗೇ ಕೂರಿಸಿ ಓದಿಸಿ, ಕೊಟ್ಟು ಕಳಿಸಬೇಡಿ. ಈ ಹಾಳೆಗಳನ್ನು ಎಲ್ಲಿಯೂ ಹೋಗದ ಹಾಗೆ ನಿಮ್ಮ ಹತ್ತಿರವೇ ಜೋಪಾನವಾಗಿಡಿ.